ತೊಳೆದರೂ ಹೋಗದ ಕೆಂಪು

ಬಣ್ಣದ ಮನೆಯಲ್ಲಿ ಹಬೆಗೆ ಹೊತ್ತುಗೊತ್ತಿಲ್ಲ. ಹಂಡೆ ಕುದಿಯುವಷ್ಟು ಕಾಲವೂ ಅದು ಗೋಡೆ ಹತ್ತುತ್ತದೆ, ಸೂರಿನಡಿ ತೂಗುಹಾಕಿದ ನೂಲಿನ ಲಡಿಗಳ ನಡುವೆ ನುಸುಳುತ್ತದೆ, ಎದುರಿಗಿರುವವರ ಮುಖ ಅರ್ಧ ಕಂಡು ಅರ್ಧ ಕಾಣದ ಹಾಗೆ ಮಾಡುತ್ತದೆ. ಆ ಹಬೆಯೊಳಗೇ ಅಜ್ಜಿಯ ಐವತ್ತು ವರ್ಷ ಕಳೆದಿತ್ತು. ಓದು ಬರಹ ಅಷ್ಟಕ್ಕಷ್ಟೆ. ಆದರೆ ಬೇರೆಯವರಿಗೆ ಒಂದೇ ಕೆಂಪು ಕಾಣುವ ಕಡೆ ಅವಳಿಗೆ ಹದಿನಾಲ್ಕು ಕಾಣುತ್ತಿದ್ದವು.

ಮೊಮ್ಮಗಳಿಗೆ ಆರು ವರ್ಷ. ನಿಂತಲ್ಲಿ ನಿಲ್ಲದವಳು, ಅದಕ್ಕೇ ಎಲ್ಲರ ಬಾಯಲ್ಲೂ ಬುಗುರಿ. ತೋಯ್ದ ನೂಲನ್ನು ತೊಟ್ಟಿಯಲ್ಲಿ ತುಳಿಯುವುದು ಅವಳ ಆಟ. ಅದು ಬೇಸರವಾದರೆ ಅಂಗಳದ ನಾಯಿಯನ್ನು ಕೆಡವಿಕೊಂಡು ಅದರ ಕಿವಿಯಲ್ಲಿ ಕೂತ ಉಣ್ಣಿ ಕಿತ್ತು ಉಗುರಲ್ಲಿ ಚಿಟಿಕ್ ಎನ್ನಿಸುವುದು. ವರ್ಷವಿಡೀ ಅವಳ ಅಂಗೈ ಅಂಗಾಲು ಕೆಂಪೇ. ಆ ಮನೆಯಲ್ಲಿ ಯಾರ ಕೈ ತಾನೇ ಬೆಳ್ಳಗಿತ್ತು?

ಅಂಥ ಬುಗುರಿ ಜ್ವರ ಬಂದು ಮಲಗಿತು. ತಲೆನೋವು, ಕಾಲುನೋವು, ಬೆಂಕಿಯಂಥ ಮೈ. ಮೂರನೆಯ ದಿನ ಡಾಕ್ಟರಮ್ಮ ಮಗುವಿನ ಕೈ ಹೊರಳಿಸಿ, "ಇದೇನು ಕೆಂಪು?" ಅಂದಾಗ ಅಜ್ಜಿಗೆ ನಗು ಬಂತು.

"ಅದು ನಮ್ಮ ಹಂಡೆದು ಡಾಕ್ಟರಮ್ಮ. ನನ್ನ ಕೈನೂ ನೋಡಿ. ನಂಗೂ ಜ್ವರ ಅಂತೀರೇನು?"

ಡಾಕ್ಟರಮ್ಮನೂ ನಕ್ಕು ಜ್ವರದ ಸಿರಪ್ ಬರೆದುಕೊಟ್ಟರು. "ಎರಡು ದಿನದಲ್ಲಿ ಇಳೀದಿದ್ರೆ ಮತ್ತೆ ಬನ್ನಿ" ಅಂದರು.

ಇಳಿಯಲಿಲ್ಲ. ಐದನೆಯ ದಿನ ಬೆಳಿಗ್ಗೆ ಮಗು ಕಣ್ಣು ಅರೆ ತೆರೆದು ಸೂರನ್ನೇ ನೋಡುತ್ತಿತ್ತು.

"ಅಜ್ಜೀ, ಲಡಿಗಳೆಲ್ಲ ಎಲ್ಲಿಗೆ ಹೊರಟಿವೆ?"

"ಎಲ್ಲಿಗೂ ಇಲ್ಲ ಕಂದಾ. ನೇತಾಡ್ತಿವೆ ಅಷ್ಟೆ."

"ಸುಳ್ಳು. ಸಾಲಾಗಿ ಹೋಗ್ತಿವೆ. ನೀನೂ ಹೋಗ್ತಿದೀಯ."

ಅಜ್ಜಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಹಬೆಯಲ್ಲಿ ಲಡಿಗಳು ಮೆಲ್ಲಗೆ ಸಾಗುತ್ತಿದ್ದಂತೆ, ನೆಲವೇ ತೇಲಿದಂತೆ. ತಲೆ ಕೊಡವಿಕೊಂಡು, ಮಗುವಿನ ಕಾಲು ಒರೆಸಲು ಬೆಚ್ಚನೆ ನೀರು ತಂದಳು.

ಬಣ್ಣ ಎಲ್ಲಿ ಕೂರುತ್ತದೆ ಎಂದು ಅವಳ ಕೈಗೇ ಗೊತ್ತಿತ್ತು. ಅಂಗೈಯ ಗೆರೆಗಳಲ್ಲಿ, ಉಗುರಿನ ಅಂಚಿನಲ್ಲಿ. ನಡುವಿನ ಬಯಲು ಮೊದಲು ತಿಳಿಯಾಗುತ್ತದೆ. ಐದು ದಿನದಿಂದ ತೊಟ್ಟಿಗಿಳಿಯದ ಈ ಕಾಲಿನಲ್ಲಿ ಗೆರೆಗಳು ಮಾಸಿದ್ದವು, ನಡುವೆ ಮಾತ್ರ ಕೆಂಪು ಚುಕ್ಕೆಗಳು ಚಿಮುಕಿಸಿದಂತಿದ್ದವು. ಮಣಿಕಟ್ಟಿನಲ್ಲಿ, ಪಾದದ ಗಿಣ್ಣಿನ ಸುತ್ತ ಇನ್ನೂ ಹೆಚ್ಚು. ಸೋಪು ಹಚ್ಚಿ ತಿಕ್ಕಿದಳು. ಹೋಗಲಿಲ್ಲ. ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟಳು. ಕೆಲವು ಚುಕ್ಕೆ ಅಳಿಸಿಹೋದವು, ಮತ್ತೆ ನಿಧಾನಕ್ಕೆ ತೇಲಿಬಂದವು.

ಯಾವ ಬಣ್ಣವೂ ಹೀಗೆ ಹೋಗಿ ಬರುವುದಿಲ್ಲ. ಇದು ಹೊರಗಿನಿಂದ ಹತ್ತಿದ್ದಲ್ಲ, ಒಳಗಿನಿಂದ ಎದ್ದದ್ದು.

"ಏ, ಹಂಡೆ ಇಳಿಸು!" ಎಂದು ಸೊಸೆಯನ್ನು, ಮಗುವಿನ ತಾಯಿಯನ್ನು, ಕೂಗಿದಳು.

"ನೂಲು ಈಗಿನ್ನೂ ಬಣ್ಣ ಕುಡೀತಿದೆ ಅತ್ತೆ. ಇಳಿಸಿದ್ರೆ ಪಟ್ಟೆ ಪಟ್ಟೆ ಆಗುತ್ತೆ."

"ಹುಲಿ ಥರಾನೇ ಆಗ್ಲಿ. ಇಳಿಸು, ಮಗೂನ ಎತ್ಕೊ."

ಡಾಕ್ಟರಮ್ಮನ ಎದುರು ನಿಂತು ಅಜ್ಜಿ ಹೇಳಿದಳು: "ಅವತ್ತು ಬಣ್ಣ ಅಂದೆ. ತಪ್ಪು ನಂದು. ಇದು ನಮ್ದಲ್ಲ."

ಡಾಕ್ಟರಮ್ಮ ಈ ಸಲ ನಗಲಿಲ್ಲ. "ನಾನೂ ಅವತ್ತೇ ಒತ್ತಿ ನೋಡ್ಬೇಕಿತ್ತು" ಅಂದರು. ಅಂಗೈ, ಅಂಗಾಲು, ಕಿವಿಯ ಹಿಂದೆ, ಕೂದಲ ಬುಡ ಎಲ್ಲ ನೋಡಿ, "ಮನೇಲಿ ನಾಯಿ ಇದೆಯಾ? ಉಣ್ಣಿ?" ಎಂದರು. ಉಗುರಿನ ಚಿಟಿಕ್ ಆಟದ ಕಥೆ ಹೊರಬಂತು.

"ಉಣ್ಣಿಯಿಂದ ಬರೋ ಜ್ವರ ಅನ್ಸುತ್ತೆ. ರಕ್ತ ಪರೀಕ್ಷೆಗೆ ಕಳಿಸ್ತೀನಿ. ಅದರ ಉತ್ತರಕ್ಕೆ ಕಾಯೋ ಹಾಗಿಲ್ಲ, ಡಾಕ್ಸಿಸೈಕ್ಲಿನ್ ಅನ್ನೋ ಔಷಧಿ ಈಗ್ಲೇ ಶುರು ಮಾಡ್ಬೇಕು."

ಸೊಸೆಯ ಮುಖ ಇಳಿಯಿತು. "ಚಿಕ್ಕ ಮಕ್ಕಳಿಗೆ ಅದು ಕೊಟ್ರೆ ಹಲ್ಲಲ್ಲಿ ಕಲೆ ಕೂರುತ್ತಂತಲ್ಲ ಮೇಡಂ? ಬೇರೆ ಇಲ್ವಾ?"

"ಆ ಹೆದರಿಕೆ ಹಳೇದಮ್ಮ. ಕೆಲವೇ ದಿನ ಕೊಟ್ರೆ ಹಲ್ಲು ಕೆಡಲ್ಲ. ಈ ಜ್ವರಕ್ಕೆ ಇದರಷ್ಟು ಒಳ್ಳೇದು ಇನ್ನೊಂದಿಲ್ಲ. ತಡ ಆದ್ರೆ ಮಿದುಳಿಗೂ ಹೋಗ್ಬಹುದು."

ಸೊಸೆ ಅತ್ತೆಯ ಕಡೆ ತಿರುಗಿದಳು. ಒಮ್ಮೆ ತಪ್ಪು ಮಾತಾಡಿದ ಬಾಯಿ ಮತ್ತೆ ತೆರೆಯಲು ಅಜ್ಜಿಗೆ ಭಯ. ಬೆಂಚಿನ ಮೇಲೆ ಮಗು ಗಾಳಿಯಲ್ಲಿ ಬೆರಳಾಡಿಸುತ್ತ ಯಾವುದೋ ಲಡಿಯನ್ನು ಬಿಡಿಸುತ್ತಿತ್ತು.

"ಕಲೆ ವಿಷಯ ನಂಗೆ ಬಿಡು" ಅಂದಳು ಕೊನೆಗೆ. "ಹಂಡೇಲಿ ಒಂದೇ ಸಲ ಅದ್ದಿದ ನೂಲಿಗೆ ಯಾವ ಬಣ್ಣ ಕೂತಿದ್ದನ್ನ ನೋಡಿದೀಯ ನೀನು? ಕೊಡಿ ಡಾಕ್ಟರಮ್ಮ."

ಆಸ್ಪತ್ರೆಯ ಉದ್ದನೆ ಕೋಣೆಯಲ್ಲಿ ಎರಡು ಹಗಲು ಕಳೆದವು. ಪರದೆ ಉಸಿರಾಡುತ್ತಿತ್ತು, ಬಿಸಿಲು ಮಂಚದಿಂದ ಮಂಚಕ್ಕೆ ನಡೆಯುತ್ತಿತ್ತು. ಮೊಮ್ಮಗಳ ಪಾದ ಹಿಡಿದು ಕೂತ ಅಜ್ಜಿಗೆ ತಾನು ಎಚ್ಚರವೋ ನಿದ್ದೆಯೋ ತಿಳಿಯುತ್ತಿರಲಿಲ್ಲ. ಹಿಡಿತ ಸಡಿಲಿಸಿದರೆ ಮಗು ಆ ಬೆಳಕಿನ ಜೊತೆ ಕಿಟಕಿ ದಾಟಿಬಿಡುತ್ತದೆ ಅನ್ನಿಸುತ್ತಿತ್ತು. ಎರಡನೆಯ ಮಧ್ಯಾಹ್ನ ಪಾದ ಬೆವರಿತು. ಹಣೆ ಮುಟ್ಟಿದಳು. ತಣ್ಣಗಿತ್ತು.

"ಅಜ್ಜೀ, ನಿನ್ನ ಗೊರಕೆಗೆ ಎಚ್ಚರ ಆಯ್ತು."

"ನಾನೆಲ್ಲಿ ಮಲಗಿದ್ನೇ!"

ಅಷ್ಟರಲ್ಲಿ ನರ್ಸ್ ಔಷಧಿ ತಂದರು. ಜ್ವರ ಬಿಟ್ಟರೂ ಇನ್ನೂ ಮೂರು ದಿನ ತಪ್ಪದೆ ಕುಡಿಯಬೇಕಂತೆ. ಬುಗುರಿ ಬಾಯಿ ಬಿಗಿದು, "ಕಹಿ! ನೀನೇ ಕುಡಿ!" ಎಂದು ಕಾಲು ಬಡಿದು ಅಜ್ಜಿಯ ಹೊಟ್ಟೆಗೇ ಒಂದು ಒದ್ದಿತು.

"ಒದಿ" ಅಂದಳು ಅಜ್ಜಿ, ಕಣ್ಣೊರೆಸಿಕೊಳ್ಳುತ್ತ. "ಇನ್ನೂ ಜೋರಾಗಿ ಒದಿ. ಆಮೇಲೆ ಬಾಯಿ ತೆಗಿ."