ಅಳಿಸಿಹೋದ ಅಂಚುಗಳು

ರಾಮಾಂಜನೇಯನಿಗೆ ಹೇಸಿಗೆ ಬರಲು ಬೆಳಿಗ್ಗೆ ಹತ್ತೂವರೆ ಆದರೆ ಸಾಕಿತ್ತು. ಹತ್ತಕ್ಕೆ ಅಂಗಡಿಯ ಷಟರ್ ಎತ್ತುತ್ತಿದ್ದ, ಊದುಬತ್ತಿ ಹಚ್ಚುತ್ತಿದ್ದ, ಹಿಂದಿನ ದಿನ ಯಾರೋ ಬಿಟ್ಟುಹೋದ ಕಂಪ್ಯೂಟರಿನ ಹೊಟ್ಟೆ ಬಿಚ್ಚುತ್ತಿದ್ದ. ಒಳಗಿನ ಫ್ಯಾನಿಗೆ ಒಂದು ಹಿಡಿ ಹತ್ತಿ ಸುತ್ತಿಕೊಂಡಿರುತ್ತಿತ್ತು. ಆದೋನಿಯಲ್ಲಿ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲುಗಳಿರುವವರೆಗೆ ಕಂಪ್ಯೂಟರುಗಳೂ ಹತ್ತಿ ತಿನ್ನಲೇಬೇಕು. ಅದರ ಬಗ್ಗೆ ಅವನಿಗೆ ಸಿಟ್ಟಿರಲಿಲ್ಲ. ಹತ್ತಿಗೇನು ಬುದ್ಧಿ ಇದೆಯೇ? ಹೇಸಿಗೆ ಬರುತ್ತಿದ್ದದ್ದು ಬುದ್ಧಿ ಇರುವ ಗಿರಾಕಿಗಳನ್ನು ಕಂಡು.

ಆ ಬುಧವಾರ ಮೊದಲು ಬಂದವನು ಹತ್ತಿ ದಲ್ಲಾಳಿ ಸೋಮಶೇಖರಪ್ಪ. ಕಂಕುಳಲ್ಲಿ ಹೊಸ ಲ್ಯಾಪ್‌ಟಾಪಿನ ಪೆಟ್ಟಿಗೆ, ಕೈಚೀಲದಲ್ಲಿ ತೆಂಗಿನಕಾಯಿ, ನಿಂಬೆಹಣ್ಣು, ಕುಂಕುಮದ ಪೊಟ್ಟಣ.

"ಇದ್ರಾಗ ಅದೇನೋ ದರಿದ್ರ ಹಾಕಿ ಕೊಟ್ಟಾರಪಾ," ಎಂದ. "ತೊಳದು ವಿಂಡೋಸ್ ಏರ್ಸು. ಹನ್ನೆರಡಕ್ಕ ರಾಹುಕಾಲ ಕೂಡ್ತೈತಿ, ಅಷ್ಟ್ರಾಗ ಪೂಜೆ ಆಗ್ಬೇಕು."

ಆ ದರಿದ್ರದ ಹೆಸರು ಲಿನಕ್ಸ್, ವಿಂಡೋಸಿನ ಹಾಗೇ ಯಂತ್ರ ನಡೆಸುವ, ಆದರೆ ಯಾರಿಗೂ ಕಾಸು ಕೊಡಬೇಕಿಲ್ಲದ ತಂತ್ರಾಂಶ. ಅಂಗಡಿಗಳಲ್ಲಿ ಒಂದೇ ಯಂತ್ರಕ್ಕೆ ಎರಡು ದರ ಇರುತ್ತವೆ. ವಿಂಡೋಸ್ ಹಾಕಿ ಬಂದದ್ದಕ್ಕೆ ಹೆಚ್ಚು, ಲಿನಕ್ಸ್ ಹಾಕಿ ಬಂದದ್ದಕ್ಕೆ ಕಡಿಮೆ. ನಮ್ಮ ಜನ ಕಡಿಮೆಯದನ್ನು ಕೊಳ್ಳುತ್ತಾರೆ, ಮನೆಗೂ ಒಯ್ಯದೆ ನೆಟ್ಟಗೆ ರಾಮಾಂಜನೇಯನ ಹತ್ತಿರ ತರುತ್ತಾರೆ. ಅವನು ಒಳಗಿದ್ದದ್ದನ್ನು ಅಳಿಸಿ, ಮೇಜಿನ ಕಾಲಿಗೆ ಪೂಜೆಯ ಕೆಂಪು ದಾರದಲ್ಲಿ ಕಟ್ಟಿಟ್ಟ ಪೆನ್‌ಡ್ರೈವಿನಿಂದ ಕದ್ದ ವಿಂಡೋಸ್ ತುಂಬುತ್ತಾನೆ. ಆಮೇಲೆ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ಕದ್ದ ಮಾಲಿಗೆ ಮಂಗಳಾರತಿ. ಸತ್ಯವಂತ ಸೋಮಶೇಖರಪ್ಪ ಶನಿವಾರದ ಉಪವಾಸ ತಪ್ಪಿಸಿದವನಲ್ಲ, ಅವನಿಗೂ ಇದು ಪಾಪ ಅನ್ನಿಸಲಿಲ್ಲ.

ಮೊದಮೊದಲು ರಾಮಾಂಜನೇಯ ಬುದ್ಧಿ ಹೇಳುತ್ತಿದ್ದ. ಒಂದು ವಾರ ಹಾಗೇ ಬಳಸಿ ನೋಡಿರಿ, ವೈರಸ್ ಇಲ್ಲ, ಕದಿಯುವ ಕೆಲಸವಿಲ್ಲ, ಕನ್ನಡವೂ ಬರುತ್ತದೆ, ತೆಲುಗೂ ಬರುತ್ತದೆ ಎಂದು ಕುರ್ಚಿ ಎಳೆದು ಕೂರಿಸಿ ತೋರಿಸುತ್ತಿದ್ದ. ಅವರು ಹಲ್ಲುನೋವಿನವರ ಹಾಗೆ ಮುಖ ಮಾಡಿಕೊಂಡು ಕೇಳಿ, ಕೊನೆಗೆ ತೊಳೆದುಬಿಡು ಎನ್ನುತ್ತಿದ್ದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಅವನು ಸುಮ್ಮನಾದ. ವರ್ಷ ಕಳೆದ ಹಾಗೆ ಮಾತು ನಿಂತಿತು, ತೊಳೆಯುವ ಕೈ ಮಾತ್ರ ಉಳಿಯಿತು. ಆ ಕೈಗೆ ಈಗ ಕಣ್ಣೂ ಬೇಕಾಗಿರಲಿಲ್ಲ.

ಅವನ ಸ್ವಂತ ಕಂಪ್ಯೂಟರಿನಲ್ಲಿ ಮಾತ್ರ ಹದಿನೈದು ವರ್ಷದಿಂದ ಲಿನಕ್ಸೇ ಇತ್ತು. ಪತ್ರಿಕೆಯೊಂದರ ಜೊತೆ ಬಂದ ಸೀಡಿಯಿಂದ ತಾನೇ ಹಾಕಿಕೊಂಡದ್ದು. ಮೊದಲ ವಾರ ತೆರೆಯೇ ಬರಲಿಲ್ಲ, ತೆರೆ ಬಂದರೆ ಸದ್ದಿಲ್ಲ, ಸದ್ದು ಬಂತೆಂದರೆ ಪ್ರಿಂಟರ್ ಮುನಿಸಿಕೊಂಡಿತು. ಒಂದೊಂದನ್ನೂ ಗುದ್ದಾಡಿ ಸರಿಮಾಡಿದ. ಆ ಗುದ್ದಾಟದಿಂದ ಅವನಿಗೊಂದು ಧರ್ಮವೇ ಹುಟ್ಟಿಬಿಟ್ಟಿತ್ತು. ತಾನೇ ಹಾಕಿಕೊಂಡವನದೇ ಲಿನಕ್ಸ್. ಕಂಪನಿಯವರು ಹಾಕಿ ಕಳಿಸಿದ್ದು ದರ ಇಳಿಸುವ ಆಟ, ಅದನ್ನು ಯಾವನೂ ತೆರೆದು ನೋಡುವುದಿಲ್ಲ, ಅದರೊಳಗೆ ಏನೂ ಇರುವುದಿಲ್ಲ. ಹದಿನೈದು ವರ್ಷದಲ್ಲಿ ಈ ಮಾತು ಒಂದು ಸಲವೂ ಸುಳ್ಳಾಗಿರಲಿಲ್ಲ. ಹಾಗಾಗಿ ಲಿನಕ್ಸಿನ ಚೀಟಿ ಅಂಟಿಸಿದ ಯಂತ್ರ ಬಂದರೆ ಅವನು ಒಳಗೆ ಇಣುಕುತ್ತಲೂ ಇರಲಿಲ್ಲ.

ಸೋಮಶೇಖರಪ್ಪನ ಪೂಜೆ ಮುಗಿದು, ಕಾಯಿಯ ನೀರು ಮೇಜಿನ ಮೇಲೆ ಅಂಟಂಟಾಗಿದ್ದಾಗ ಗಾದಿಲಿಂಗಮ್ಮ ಬಂದಳು. ನಲವತ್ತೈದರ ಆಸುಪಾಸಿನ ಹೆಂಗಸು, ಎಮ್ಮಿಗನೂರಿನ ಬಸ್ಸಿಳಿದು ನಡೆದು ಬಂದಿದ್ದಳು. ಕೈಮಗ್ಗದ ಟವೆಲಿನಲ್ಲಿ ಸುತ್ತಿದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ತಾನು ನೇಕಾರರವಳು ಎಂದಳು. ಸೋಮವಾರ ಹೈದರಾಬಾದಿನ ಸೀರೆ ವ್ಯಾಪಾರಿಯೊಬ್ಬ ಊರಿಗೆ ಬರುತ್ತಾನೆ, ಅವನ ಪ್ರೋಗ್ರಾಂ ಇದರಲ್ಲಿ ತೆರೆಯುವುದಿಲ್ಲವಂತೆ, ವಿಂಡೋಸ್ ಹಾಕಿಸಿಕೊಂಡು ಕೂತಿರಮ್ಮ ಎಂದು ಫೋನಿನಲ್ಲಿ ಹೇಳಿದ್ದಾನಂತೆ. ರಾಮಾಂಜನೇಯ ಟವೆಲ್ ಸರಿಸಿದ. ಮೂಲೆಯಲ್ಲಿ ಅದೇ ಚೀಟಿ. ಅವನ ತುಟಿ ತಾನಾಗಿಯೇ ಸೊಟ್ಟಗಾಯಿತು.

ಹೊಸದೇ ಎಂದು ಕೇಳಿದ. ಮೂರು ವರ್ಷದ್ದು, ಮಗಳ ಓದಿಗೆ ತಂದದ್ದು, ಅವಳಿಗೆ ಕಾಲೇಜಿನಲ್ಲಿ ಬೇರೆ ಸಿಕ್ಕಿತು ಎಂದಳು. ಹಾಗಾದರೆ ಮೂರು ವರ್ಷ ಮೂಲೆಯಲ್ಲಿ ಬಿದ್ದಿತ್ತು ಎಂದು ಅವನೇ ಲೆಕ್ಕ ಹಾಕಿಕೊಂಡ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಕಿವಿಗೂ ಹೆಗಲಿಗೂ ನಡುವೆ ಅದನ್ನು ಸಿಗಿಸಿಕೊಂಡು ಯಾರದೋ ಪ್ರಿಂಟರಿನ ಜಗಳಕ್ಕೆ ಉತ್ತರ ಕೊಡುತ್ತಲೇ ಅವಳ ಲ್ಯಾಪ್‌ಟಾಪಿಗೆ ವೈರ್ ಸಿಗಿಸಿದ.

"ಅಣ್ಣಾ," ಎಂದಳು ಆಕೆ, "ಒಳಗಿಂದು ಹಂಗೇ ಇರ್ತೈತಲ್ರಿ?"

"ಏನೂ ಆಗಂಗಿಲ್ಲಕ್ಕಾ. ಒಂದು ತಾಸು ಬಿಟ್ಟು ಬರ್ರಿ," ಎಂದ, ಅವಳ ಮುಖವನ್ನೂ ನೋಡದೆ.

ಆಕೆ ಬಣ್ಣದ ನೂಲು ನೋಡಿಕೊಂಡು ಬರುತ್ತೇನೆಂದು ಪೇಟೆಗೆ ಹೋದಳು. ಅವನು ಕೆಂಪು ದಾರದ ಪೆನ್‌ಡ್ರೈವ್ ಚುಚ್ಚಿದ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಯಂತ್ರ ಕೇಳಿತು. ಆ ಕಬ್ಬಿಣದ ಡಬ್ಬಿಗಿದ್ದ ಎಚ್ಚರ ಮನುಷ್ಯನಿಗೆ ಇರಲಿಲ್ಲ. ಫೋನಿನಲ್ಲಿ ಮಾತಾಡುತ್ತಲೇ ಬೆರಳು ಒತ್ತಿತು.

ಒಂದೂವರೆಗೆ ಗಾದಿಲಿಂಗಮ್ಮ ತಿರುಗಿ ಬಂದಳು. ಅವನು ಮುಚ್ಚಳ ತೆರೆದು ನೀಲಿ ತೆರೆ ತೋರಿಸಿದ. ಆಕೆ ನಿಂತುಕೊಂಡೇ ಬೆರಳಾಡಿಸಿದಳು. ಗಿರಾಕಿಗಳ ಒರಟು ಕುಕ್ಕಾಟ ಅವನಿಗೆ ಗೊತ್ತಿತ್ತು. ಇವಳ ಬೆರಳು ಹಾಗಿರಲಿಲ್ಲ, ದಾರಿ ಗೊತ್ತಿದ್ದವರ ಬೆರಳು. ಮೊದಲ ಸಲ ಅವನಿಗೆ ಏನೋ ಅಳುಕಾಯಿತು.

"ನನ್ನ ಅಂಚುಗಳು ಎಲ್ಲದಾವ್ರಿ?" ಎಂದು ಕೇಳಿದಳು.

ಯಾವ ಅಂಚುಗಳು ಎಂದ. ಆಕೆ ಕೂತು ಹೇಳಿದಳು. ಈ ಯಂತ್ರದಲ್ಲಿ ಲೆಕ್ಕ ಬರೆಯುವ ಚೌಕುಳಿ ಚೌಕುಳಿ ಹಾಳೆ ಇತ್ತಲ್ಲ, ಅದನ್ನು ನೋಡಿದ ದಿನವೇ ಇದು ಮಗ್ಗದ ನಕ್ಷೆಯ ಕಾಗದದ ಹಾಗೇ ಇದೆ ಅನ್ನಿಸಿತಂತೆ. ಚೌಕಗಳನ್ನು ಸಣ್ಣ ಮಾಡಿ, ಒಂದೊಂದಕ್ಕೂ ಬಣ್ಣ ತುಂಬಿ, ಸೀರೆಯ ಅಂಚುಗಳನ್ನು ಬರೆಯತೊಡಗಿದಳು. ಒಂದು ಚೌಕವೆಂದರೆ ಒಂದು ಎಳೆ. ತನ್ನ ಓಣಿಯಲ್ಲಿ ಪೀರಮ್ಮ ಎಂಬ ಮುದುಕಿ ಇದ್ದಳು. ಈಗ ಯಾರೂ ನೇಯದ ಅಂಚುಗಳೆಲ್ಲ ಅವಳ ಬಾಯಲ್ಲಿದ್ದವು. ಎರಡು ಎತ್ತು, ಮೂರು ಬಿಡು ಎಂದು ಅವಳು ಮಗ್ಗದ ಎಣಿಕೆ ಹೇಳುವುದು, ಇವಳು ಚೌಕ ತುಂಬುವುದು. ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದಳು. ಕನ್ನಡದ ಅಕ್ಷರಗಳು ಎಲ್ಲಿ ಅಡಗಿವೆ ಎಂದು ಹುಡುಕಲಿಕ್ಕೇ ಹದಿನೈದು ದಿನ ಹಿಡಿದಿತ್ತು. ಮೂರು ವರ್ಷದಲ್ಲಿ ಇನ್ನೂರ ಹನ್ನೆರಡು ಅಂಚುಗಳಾಗಿದ್ದವು. ಕಳೆದ ಶಿವರಾತ್ರಿಗೆ ಪೀರಮ್ಮ ತೀರಿಕೊಂಡಳು.

ಹದಿನೈದು ವರ್ಷ ರಾಮಾಂಜನೇಯ ಕಾದದ್ದು ಇಂಥ ಒಬ್ಬ ಗಿರಾಕಿಗೆ. ಬಂದದ್ದನ್ನು ಹಾಗೇ ಇಟ್ಟುಕೊಂಡು, ತೆರೆದು, ತಡಕಾಡಿ, ತನ್ನ ಕೆಲಸಕ್ಕೆ ಬಗ್ಗಿಸಿಕೊಳ್ಳುವ ಒಬ್ಬರಿಗೆ. ಆಕೆ ಗುದ್ದಾಡಿ ಹಾಕಿಕೊಂಡವಳಲ್ಲ. ಅದರ ಹೆಸರೂ ಆಕೆಗೆ ಗೊತ್ತಿರಲಿಲ್ಲ. ಕಂಪನಿಯವರು ಯಾವುದಕ್ಕೋ ಹಾಕಿ ಕಳಿಸಿದ್ದನ್ನು ಆಕೆ ಮಗ್ಗ ಮಾಡಿಕೊಂಡಿದ್ದಳು. ಅಂಥವಳು ಕಡೆಗೂ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ, ಲಿನಕ್ಸಿನ ಭಕ್ತ ಎಂದು ಮೆರೆಯುವ ಇವನು ಮೂರು ವರ್ಷದ ಅವಳ ಬದುಕನ್ನು ಫೋನಿನಲ್ಲಿ ಹರಟುತ್ತಾ ಒರೆಸಿ ಹಾಕಿದ್ದ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂದು ಇಷ್ಟು ದಿನ ಊರವರನ್ನೆಲ್ಲ ಬೈದ ಬಾಯಿ ಅದು.

ಬೇರೆ ಕಡೆ ಇಟ್ಟಿದ್ದೀರಾ ಅಕ್ಕಾ, ಪೆನ್‌ಡ್ರೈವಿನಲ್ಲಿ, ಮಗಳ ಹತ್ತಿರ ಎಂದು ಕೇಳಿದ.

"ಇದನ್ನೇ ಟ್ರಂಕಿನಾಗ ಇಟ್ಟು ಬೀಗ ಹಾಕ್ತಿದ್ದೆನ್ರಿ," ಎಂದಳು. "ಇನ್ನೆಲ್ಲಿ ಇಡ್ಲಿ?"

ಅವನು ಡಿಸ್ಕ್ ಬಿಚ್ಚಿ ತನ್ನ ಕಂಪ್ಯೂಟರಿಗೆ ಸಿಗಿಸಿದ. ಅಳಿಸಿದ್ದನ್ನು ಹೆಕ್ಕಿ ತೆಗೆಯುವ ಸಲಕರಣೆಗಳು ಅವನಲ್ಲಿದ್ದವು, ಎಲ್ಲವನ್ನೂ ಓಡಿಸಿದ. ಹಳೆಯ ತಿರುಗುವ ಡಿಸ್ಕಾಗಿದ್ದರೆ ಅಷ್ಟೋ ಇಷ್ಟೋ ಸಿಗುತ್ತಿತ್ತು. ಈಗಿನವು ಅಳಿಸು ಎಂದರೆ ತಳ ಕೆರೆದು ಒರೆಸುತ್ತವೆ. ಬಂದ ಇಬ್ಬರು ಗಿರಾಕಿಗಳನ್ನು ನಾಳೆ ಬಾ ಎಂದು ಅಟ್ಟಿದ. ಗಾದಿಲಿಂಗಮ್ಮ ನೂಲಿನ ಚೀಲ ತೊಡೆಯ ಮೇಲಿಟ್ಟುಕೊಂಡು, ಆಸ್ಪತ್ರೆಯ ಹೊರಗೆ ಕೂತವರ ಹಾಗೆ ಕೂತಿದ್ದಳು. ಮೂರೂವರೆಗೆ ತೆರೆಯ ಮೇಲೆ ಬಂದದ್ದು ಸೊನ್ನೆಗಳು ಮಾತ್ರ.

ಇಂಥ ಹೊತ್ತಿಗೆ ಅಂಗಡಿಯವರೆಲ್ಲ ಹೇಳುವ ಒಂದು ಮಾತಿದೆ. ಡಿಸ್ಕ್ ಮೊದಲೇ ಕೆಟ್ಟಿತ್ತಮ್ಮಾ, ನಮ್ಮ ಕೈಯಲ್ಲಿ ಏನಿಲ್ಲ. ಅದು ಅವನ ನಾಲಿಗೆಯ ತುದಿಗೆ ಕರೆಯದೇ ಬಂದು ಕೂತಿತು, ಬಾಯಿ ಅರ್ಧ ತೆರೆಯಿತು ಕೂಡ. ಆಕೆ ನಂಬುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು. ನಂಬಿ ಸಮಾಧಾನವನ್ನೂ ಹೇಳುತ್ತಾಳೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತಲ್ಲ ಎಂದು ಅವನಿಗೆ ತನ್ನ ಬಾಯಿಯ ಮೇಲೇ ಹೇಸಿಗೆ ಬಂತು.

"ನಾನೇ ಅಳಿಸೀನಕ್ಕಾ," ಎಂದ. "ಒಳಗ ಏನೈತಿ ಅಂತ ನೋಡ್ಲೇ ಇಲ್ಲ."

ಗಾದಿಲಿಂಗಮ್ಮ ಕೂಗಲಿಲ್ಲ, ಶಾಪ ಹಾಕಲಿಲ್ಲ. ಕೂಗಿದ್ದರೆ ಅವನಿಗೆ ಹಗುರಾಗುತ್ತಿತ್ತು. ಮೇಜಿನ ಮೇಲಿನ ಕುಂಕುಮದ ಕಲೆಯನ್ನು ಬೆರಳಿನಿಂದ ಒರೆಸಿದಳು.

"ನಾ ಕೇಳಿದ್ನಲ್ರಿ ಅಣ್ಣಾ, ಹಂಗೇ ಇರ್ತೈತಲ್ಲ ಅಂತ," ಎಂದಳು. "ನಮ್ಮಾಗ ಹೊಸಾ ಹಾಸು, ಅಂದ್ರ ಉದ್ದನ ಎಳಿ, ಏರಿಸ್ಬೇಕಾದ್ರ ಹಳೇ ಹಾಸಿನ ತುದಿ ಮಗ್ಗದಾಗ ಬಿಟ್ಟಿರ್ತೀವಿ. ಎಳಿಗೆ ಎಳಿ ಗಂಟು ಹಾಕಿ ಅದರ ಬೆನ್ನಿಗೇ ಹೊಸಾದನ್ನ ಎಳಕೊಳ್ಳೋದು. ಹಳೇದನ್ನ ಪೂರಾ ಕಿತ್ತು ಒಗದು ಯಾರೂ ಏರಸಂಗಿಲ್ರಿ. ನಿಮ್ಮಾಗೂ ಹಂಗೇ ಇರ್ತೈತಿ ಅಂದ್ಕೊಂಡೆ."

ನಿಜ ಹೇಳಬೇಕೆಂದರೆ ರಾಮಾಂಜನೇಯನ ಕಸುಬಿನಲ್ಲೂ ಹಾಗೆ ಮಾಡಬಹುದು. ಹಳೆಯದನ್ನು ಪಕ್ಕಕ್ಕೆ ಸರಿಸಿ, ಉಳಿದ ಜಾಗದಲ್ಲಿ ಹೊಸದನ್ನು ಕೂರಿಸಬಹುದು. ಇನ್ನೊಂದು ಅರ್ಧ ತಾಸಿನ ಕೆಲಸ. ಒಳಗೊಂದು ಸಲ ಇಣುಕಬೇಕಿತ್ತು, ಅಷ್ಟೇ.

ಸೋಮವಾರದ ವ್ಯಾಪಾರಿಯ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ. ಅವನಿಗೆ ತೋರಿಸಬೇಕಿದ್ದ ಅಂಚುಗಳೇ ಇಲ್ಲವಲ್ಲ. ಮೊದಲಿದ್ದದ್ದನ್ನೇ ಹಾಕಿಕೊಡಿ, ತನಗೆ ಬೇರೆಯದು ಬರುವುದಿಲ್ಲ ಎಂದಳು. ಹೀಗೆ ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬ ಗಿರಾಕಿ ರಾಮಾಂಜನೇಯನ ಅಂಗಡಿಯಲ್ಲಿ, ಹೆಸರು ಗೊತ್ತಿಲ್ಲದೆಯೇ, ಬಾಯಿಬಿಟ್ಟು ಲಿನಕ್ಸ್ ಕೇಳಿದಳು. ಅವನು ಕೆಂಪು ದಾರದ ಪೆನ್‌ಡ್ರೈವನ್ನು ದಾರದ ಸಮೇತ ಕಿತ್ತು ಕಸದ ಬುಟ್ಟಿಗೆ ಎಸೆದ. ಎಸೆದ ಮೇಲೆ ಅದೂ ಒಂದು ನಾಟಕ ಅನ್ನಿಸಿ, ಆಕೆ ಅದನ್ನು ನೋಡದಿದ್ದರೆ ಸಾಕಿತ್ತು ಎಂದುಕೊಂಡ. ಆಕೆ ನೋಡಿರಲಿಲ್ಲ. ಹಾಕುವ ಕೆಲಸವನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದ. ಕನ್ನಡದ ಅಕ್ಷರಗಳನ್ನು ಆಕೆ ಹುಡುಕಬೇಕಾಗದಂತೆ ಕೂರಿಸಿದ. ಇನ್ನುಮೇಲೆ ಬರೆದದ್ದಕ್ಕೆಲ್ಲ ಎರಡನೇ ಪ್ರತಿ ಉಳಿಯುವ ಹಾಗೆ ಮಾಡಿ, ಹೊಸ ಪೆನ್‌ಡ್ರೈವೊಂದನ್ನು ಅವಳ ಕೈಗಿಟ್ಟ. ಇಂಥ ಅಚ್ಚುಕಟ್ಟಾದ ಕೆಲಸವನ್ನು ಅವನು ತನ್ನ ಯಂತ್ರಕ್ಕೂ ಮಾಡಿಕೊಂಡಿರಲಿಲ್ಲ. ಊಟ ಮುಗಿದ ಮೇಲೆ ಬಡಿಸಿದ ಉಪ್ಪಿನಕಾಯಿ.

ಗಾದಿಲಿಂಗಮ್ಮ ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡಳು. ಚೌಕುಳಿಯ ಹಾಳೆ ತೆರೆದಳು, ಚೌಕಗಳನ್ನು ಸಣ್ಣ ಮಾಡಿದಳು. ಬಾಯಲ್ಲೇ ಎಣಿಸಿಕೊಳ್ಳುತ್ತಾ ಕೆಂಪು ತುಂಬತೊಡಗಿದಳು. ಎರಡು ಎತ್ತು, ಮೂರು ಬಿಡು, ಒಂದು ಎತ್ತು, ಮೂರು ಬಿಡು. ಒಂದು ಸಾಲಾಯಿತು, ಎರಡಾಯಿತು. ರಾಮಾಂಜನೇಯ ಅವಳ ಹಿಂದೆ ನಿಂತಿದ್ದ. ಇನ್ನೂರ ಹನ್ನೆರಡೂ ಆಕೆಯ ತಲೆಯಲ್ಲಿ ಇರಬಹುದು, ದೇವರು ಅಷ್ಟಾದರೂ ಉಳಿಸಿರಬಹುದು ಎಂಬ ನಾಚಿಕೆಗೆಟ್ಟ ಆಸೆ ಅವನಿಗೆ ಬಂತು. ಆರನೆಯ ಸಾಲು ಮುಗಿಯಿತು.

ಏಳನೆಯದಕ್ಕೆ ಅವಳ ಬೆರಳು ನಿಂತಿತು. ಎರಡು ಎತ್ತು ಎಂದಳು, ಇಲ್ಲ ಎಂದಳು, ತುಂಬಿದ್ದನ್ನು ಅಳಿಸಿದಳು. ಮತ್ತೆ ಮೊದಲಿಂದ ಎಣಿಸಿಕೊಂಡು ಬಂದು ಅಲ್ಲೇ ನಿಂತಳು. ಆಮೇಲೆ ಮುಚ್ಚಳ ಮುಚ್ಚಿ, ಟವೆಲ್ ಸುತ್ತಿದಳು.

"ಇಲ್ಲಿಂದ ಮುಂದ ಪೀರಮ್ಮಗ ಗೊತ್ತಿತ್ರಿ," ಎಂದಳು.