ಸಾಲಿನ ಎರಡನೇ ಜೋಡಿ

ಅಂಗಾಲು ಇನ್ನೂ ಸುಡುತ್ತಿದೆ, ಅಥವಾ ಸುಟ್ಟದ್ದರ ನೆನಪು ಅಂಗಾಲಿನಲ್ಲಿ ಕೂತಿದೆ, ಎರಡರಲ್ಲಿ ಯಾವುದೆಂದು ತಿಳಿಯುತ್ತಿಲ್ಲ, ಚಪ್ಪಲಿಗಳೇನೋ ಈಗ ಕಾಲಲ್ಲೇ ಇವೆ, ನೀಲಿ ಪಟ್ಟಿಯವು, ಬಸ್ಸು ಕುಲುಕಿದಾಗೆಲ್ಲ ಎಡಗಾಲಿನ ಪಟ್ಟಿ ಹೊಲಿಗೆ ಬಿಟ್ಟ ಜಾಗದಲ್ಲಿ ಕಿರ್ ಅನ್ನುತ್ತದೆ, ಕಿಟಕಿಯಾಚೆ ಕಡಲೆ ಕಿತ್ತ ಹೊಲಗಳು ಖಾಲಿ, ಕಂಡಕ್ಟರ್ ಬಂದು ಆಧಾರ್ ತೋರಸ್ರಿ ಅಂದ, ತೋರಿಸಿದೆ, ಎಲ್ಲಿಗಿ ಅಂದ, ಹುಮನಾಬಾದ್ ಅಂದೆ, ಜೋರ್ ಅನ್ರಿ ಅಕ್ಕಾರ, ಕೇಳವಲ್ದು — ಹುಮನಾಬಾದ್, ಚೀಟಿ ಕೈಗೆ ಬಂತು. ಇಷ್ಟು ಮಾತು ಬಂತಲ್ಲ. ಬಸವಕಲ್ಯಾಣದಲ್ಲಿ ಬೇಕಾಗಿದ್ದುದೂ ಇಷ್ಟೇ, ಅವು ನನ್ನವ್ರಿ, ಅಷ್ಟಂದಿದ್ದರೆ ಈಗ ತೊಡೆಯ ಮೇಲಿನ ಚೀಲದಲ್ಲಿ ಒಂದು ಡಬ್ಬಿ ಇರುತ್ತಿತ್ತು, ಡಬ್ಬಿಯೊಳಗೆ ಅಂಗೈಯಲ್ಲಿ ಮುಚ್ಚಿಡುವಷ್ಟು ಚಿಕ್ಕ ಕಂಪ್ಯೂಟರ್ ಪ್ರೊಸೆಸರ್, ಹೊಸದಾಗಿ ಬಂದದ್ದು — ಬಂದದ್ದು ಎಂದು ಎಲ್ಲರೂ ಅನ್ನುತ್ತಾರೆ, ಎಲ್ಲಿಗೆ ಬಂದಿದೆಯೋ ಯಾರಿಗೂ ಗೊತ್ತಿಲ್ಲ, ವಿಡಿಯೋ ಮಾಡುವವರ ಕೈಗೆ ಬಂದಿದೆ, ಅವರು ಅದನ್ನು ಬೆಳಕಿಗೆ ಹಿಡಿದು ಈ ಕಡೆ ಆ ಕಡೆ ತಿರುಗಿಸುತ್ತಾರೆ, ಆನ್‌ಲೈನ್‌ನಲ್ಲಿ ಅದೇ ಚಿತ್ರದ ಕೆಳಗೆ ಬೂದು ಅಕ್ಷರ, ಸ್ಟಾಕ್ ಇಲ್ಲ, ಬಂದಾಗ ತಿಳಿಸುತ್ತೇವೆ, ತಿಳಿಸುತ್ತಾರೆ ಕೂಡ, ನಾನು ಒತ್ತುವಷ್ಟರಲ್ಲಿ ಮತ್ತೆ ಬೂದು. ಅದನ್ನು ಕೂರಿಸುವ ಬೋರ್ಡು ಮಾತ್ರ ಮೊದಲೇ ತರಿಸಿಬಿಟ್ಟಿದ್ದೆ, ಸಿಗುವುದನ್ನು ಸಿಕ್ಕಾಗಲೇ ಹಿಡಿದಿಟ್ಟುಕೊಳ್ಳಬೇಕು ಅನ್ನುವುದು ನಮ್ಮ ಮನೆಯ ಬುದ್ಧಿ, ಆ ಬೋರ್ಡಿಗೆ ಹಳೆಯ ಪ್ರೊಸೆಸರ್ ಕೂರುವುದಿಲ್ಲ, ಹೊಸದೇ ಬೇಕು, ಅದು ಮಂಚದ ಕೆಳಗೆ ತನ್ನ ನಡುವಿನ ಚೌಕ ಜಾಗಕ್ಕೆ ಕರಿ ಮುಚ್ಚಳ ಹಾಕಿಕೊಂಡು ಮಲಗಿದೆ.

ಸೋಮವಾರ ಅಂದಿದ್ದಾರೆ ಹೈದರಾಬಾದಿನ ಮೇಡಂ, ಅಂದದ್ದಲ್ಲ, ಬರೆದದ್ದು, ಅವರ ದನಿ ನಾನು ಕೇಳಿಲ್ಲ, ನನ್ನದು ಅವರು ಕೇಳಿಲ್ಲ, ಅದೇ ಈ ಕೆಲಸದ ಸುಖ, ಇನ್ನೂ ಕಟ್ಟದ ಮನೆಗಳ ಹಾಲ್, ಅಡಿಗೆಮನೆ, ಸೋಫಾ, ಪರದೆ, ಪರದೆಯ ಮೇಲೆ ಬೀಳುವ ಬೆಳಗಿನ ಬಿಸಿಲು, ಎಲ್ಲ ಕಂಪ್ಯೂಟರಿನೊಳಗೆ ಚಿತ್ರವಾಗಿ ಕಟ್ಟಿ ಕಳಿಸಬೇಕು, ಯಾರೊಂದಿಗೂ ಮಾತಾಡಬೇಕಾಗಿಲ್ಲ, ಮಾದರಿಗೆ ಕಳಿಸಿದ ಹಾಲ್ ಅವರಿಗೆ ಹಿಡಿಸಿದೆ, ಆದರೆ ನನ್ನ ಹಳೆಯ ಕಂಪ್ಯೂಟರ್ ಡಬ್ಬ ಒಂದು ಹಾಲ್ ಮುಗಿಸುವಷ್ಟರಲ್ಲಿ ಬಿಸಿಯಾಗಿ ನಿಂತೇ ಹೋಗುತ್ತದೆ, ಸೋಮವಾರದೊಳಗೆ ಹೊಸ ಮಷೀನ್ ತಯಾರಾದರೆ ಕೆಲಸ ನಿಮ್ಮದು, ಇಲ್ಲವಾದರೆ ಬೇರೆಯವರಿಗೆ ಕೊಡುತ್ತೇವೆ. ಬೇರೆಯವರಿಗೆ ಹೋದರೆ ನನಗೂ ಬೇರೆಯದೇ, ಬೀದರಿನ ಆಸ್ಪತ್ರೆಯ ರಿಸೆಪ್ಶನ್ ಟೇಬಲ್, ಸಂಘಪಾಲಣ್ಣ ಮಾತಾಡಿ ಇಟ್ಟಿದ್ದಾನೆ, ಚಿಕ್ಕಪ್ಪನ ಮಗ, ಒಳ್ಳೆಯ ಮನಸ್ಸಿನವನು, ಬಂದವರಿಗೆ ನಮಸ್ಕಾರ ಅನ್ನೋದು, ಫೋನ್ ಎತ್ತೋದು, ಹೆಸರು ಕೂಗೋದು, ಅಷ್ಟೇ ನೋಡವ್ವಾ, ಏನ್ ದೊಡ್ಡ ಕೆಲಸ ಅಲ್ಲ ಅಂದ. ಹೆಸರು ಕೂಗೋದು. ಮೊದಲು ಕೆಲಸಕ್ಕಿದ್ದ ಕಲಬುರಗಿಯ ಆಫೀಸಿನಲ್ಲಿ ಎಲ್ಲರೂ ಸುತ್ತ ಕೂತಾಗ, ಪೂನಂ, ನೀವು ಹೇಳ್ರಿ, ಅಂದರು, ನೋಟ್‌ಬುಕ್ಕಿನ ಮೂಲೆ ಮಡಚುತ್ತ ಕೂತೆ, ಮರುದಿನ ಬರುವುದಿಲ್ಲ ಎಂದು ಮೆಸೇಜ್ ಹಾಕಿ ಮನೆಗೆ ಬಂದೆ, ಅವ್ವ ಪುಂಡಿಪಲ್ಯ ಮಾಡಿದಳು. ನಸೀರ್ ಅಣ್ಣನಿಗೆ ಫೋನ್ ಮಾಡಿದ್ದೂ ಅವ್ವನೇ, ಬಸವಕಲ್ಯಾಣದ ಕಂಪ್ಯೂಟರ್ ಅಂಗಡಿಯವರು, ನಾನು ಪಕ್ಕದಲ್ಲಿ ಕೂತು ಕಾಗದದ ಮೇಲೆ ಪ್ರೊಸೆಸರಿನ ಹೆಸರು ಬರೆದು ತೋರಿಸುತ್ತಿದ್ದೆ, ಅವ್ವ ಅದನ್ನು ಬಿಡಿಸಿ ಬಿಡಿಸಿ ಓದಿದಳು, ಎರಡೇ ಬರ್ತಾವ ಅಮ್ಮಾ, ಗುರುವಾರ, ಹೈದರಾಬಾದ್ ಪಾರ್ಸಲ್‌ನ್ಯಾಗ, ಫೋನಿನ ಮ್ಯಾಗ ಹಿಡಿಯಾಂಗಿಲ್ಲ, ಯಾರ್ ಮೊದ್ಲ ಬರ್ತಾರೋ ಅವ್ರಿಗಿ, ಅಂದರು ಅವರು. ಅವ್ವ ಫೋನ್ ಇಟ್ಟು ನಕ್ಕಳು, ಯಪ್ಪಾ, ಕಂಪ್ಯೂಟರಿಗೂ ಯೂರಿಯಾದ ಹಂಗ ಪಾಳಿ ಬಂತೇನು, ನಿನ್ನ ಬದ್ಲಿ ಚಪ್ಲಿ ಪಾಳಿಗಿ ಇಟ್ಟು ನೆರಳಿಗಿ ಕೂತ್ಕೋ ಪೂನಂ, ಮ್ಯಾಲೊಂದು ಕಲ್ಲಿಡು, ಕಲ್ಲಿಲ್ಲದ ಚಪ್ಲಿಗಿ ದಿಕ್ಕಿಲ್ಲ.

ಕಲ್ಲಿಡಲಿಲ್ಲ. ಮೊದಲ ಬಸ್ಸಿಗೇ ಹೋದೆ, ನನಗಿಂತ ಮೊದಲೇ ಒಂದು ಜೊತೆ ಕರಿ ಬೂಟು ಶಟರಿನ ಮುಂದೆ ಕೂತಿದ್ದವು, ಕೋಚಿಂಗ್ ಕ್ಲಾಸಿನ ಪ್ರೇಮಕುಮಾರ ಸರ್‌ದು, ಮೇಲೆ ಹೆಲ್ಮೆಟ್ಟು, ಸರ್ ಬೈಕಿನ ಮೇಲೆ ಕೂತು ಬರಿಗಾಲು ಆಡಿಸುತ್ತ ಪೇಪರ್ ಓದುತ್ತಿದ್ದರು, ಅವರ ಬೂಟಿನ ಹಿಂದೆ ನನ್ನವನ್ನು ಬಿಟ್ಟೆ, ಅಂಗಡಿಯ ಮುಂದಿನ ಫರಸಿಗಲ್ಲಿನ ಮೇಲೆ ಎರಡನೆಯದು, ಆಮೇಲೆ ಹುಡಗಿ ಊರಿನ ಮಚ್ಚೇಂದ್ರ ಬಂದರು, ಫೋಟೋ ಸ್ಟುಡಿಯೋದವರು, ಲಗ್ನದ ವಿಡಿಯೋ ಕೂಡಿಸೂದರಾಗ ಸಿಸ್ಟಮ್ ಸಾಯಾಕತ್ತದ ಅಂತ ಯಾರಿಗೋ ಹೇಳುತ್ತ ಚಪ್ಪಲಿ ಬಿಟ್ಟು, ಅಭ್ಯಾಸದ ಕೈಯಿಂದ, ಗೊಬ್ಬರದ ಪಾಳಿಗೆ ಇಟ್ಟ ಹಾಗೆ, ಮೇಲೊಂದು ಇಟ್ಟಂಗಿ ಇಟ್ಟರು, ನಾನೂ ಕಲ್ಲು ಹುಡುಕಲು ಬಗ್ಗಿದವಳು ಯಾರೋ ನೋಡುತ್ತಿದ್ದಾರೆ ಅನಿಸಿ ಸುಮ್ಮನೆ ಕಾಲು ತುರಿಸಿಕೊಂಡು ಎದ್ದೆ. ಆಮೇಲೆ ಸಾಲು ಉದ್ದವಾಯಿತು. ನಾನು ಎದುರಿನ ಬೇವಿನ ಕಟ್ಟೆಯ ಮೇಲೆ ಕೂತೆ. ಪೈಪಿಗೆಂದು ಅಗೆದ ರಸ್ತೆ, ಲಾರಿ ಹೋದಾಗೊಮ್ಮೆ ಬಿಳಿ ಧೂಳು ಏಳುತ್ತಿತ್ತು, ಫರಸಿ, ಬೂಟು, ಹೆಲ್ಮೆಟ್ಟು, ನನ್ನ ನೀಲಿ ಪಟ್ಟಿ, ಎಲ್ಲವೂ ಮೆಲ್ಲಗೆ ಒಂದೇ ಬಣ್ಣವಾಗುತ್ತಿದ್ದವು, ಪಾರ್ಸಲ್ ಬರಲಿಲ್ಲ, ನಸೀರ್ ಅಣ್ಣ ಬರಲಿಲ್ಲ, ಬಿಸಿಲು ಬಂತು. ಅಂಗಡಿಗೆ ಅಂಟಿಕೊಂಡೇ ದರ್ಗಾದ ಮೆಟ್ಟಿಲು, ಗುರುವಾರ ಅಲ್ಲಿ ಜನ, ಅವರ ಚಪ್ಪಲಿಯ ಗುಂಪು ಹರಡುತ್ತ ಹರಡುತ್ತ ನಮ್ಮ ಸಾಲಿನ ಮೊದಲ ತುದಿಗೇ ಬಂದು ಮುಟ್ಟಿತು, ಮೆಟ್ಟಿಲ ಬಳಿ ಹೂವು ಮಾರುವ ಹಜಿರಾ ಬೀ ಗಿರಾಕಿ ಇಲ್ಲದಾಗ ಎದ್ದು ಆ ಚಪ್ಪಲಿಗಳನ್ನೆಲ್ಲ ಜೋಡಿ ಮಾಡಿ, ಮೂತಿ ಹೊರಗೆ ತಿರುಗಿಸಿ ನೆರಳಿನ ಗೋಡೆಗೆ ಇಡುತ್ತಾರೆ, ಹೊರಗೆ ಬಂದವರು ಬಗ್ಗದೆ ಕಾಲು ತೂರಿಸಿಕೊಳ್ಳಲಿ ಎಂದು, ಅದು ಅವರ ಸೇವೆ, ಯಾರೂ ಹೇಳಿದ್ದಲ್ಲ. ಬೂಟಿಗೆ ಹೆಲ್ಮೆಟ್ಟಿತ್ತು, ಬಿಟ್ಟರು. ಇಟ್ಟಂಗಿ ಇತ್ತು, ಬಿಟ್ಟರು. ನಡುವಿನ ಜೋಡಿಯ ಮೇಲೆ ಏನೂ ಇರಲಿಲ್ಲ, ಎತ್ತಿದರು, ಒಂದಕ್ಕೊಂದು ಬಡಿದು ಧೂಳು ಕೊಡವಿದರು, ನಾನು ನೋಡುತ್ತಿದ್ದೆ — ನೋಡುತ್ತಲೇ ಇದ್ದೆ, ಅಯ್ಯೋ ಚಾಚಿ ಅವು ಪಾಳಿವು ಅಂತ ಬಾಯಿಯೊಳಗೇ ಅಂದೆ, ಈಗ ಎದ್ದು ಹೋಗಬೇಕು, ಈ ಲಾರಿ ಹೋದ ಮೇಲೆ, ಈ ಆಟೋ ಹೋದ ಮೇಲೆ. ಅವು ಇದ್ದ ಜಾಗದಲ್ಲಿ ಫರಸಿಯ ಮೇಲೆ ಧೂಳಿಲ್ಲದ ಎರಡು ಗುರುತು, ಕಪ್ಪಗೆ, ಸ್ವಚ್ಛ, ಯಾರೋ ಅದೃಶ್ಯರು ಶಟರಿಗೆ ಮುಖ ಮಾಡಿ ನಿಂತ ಹಾಗೆ.

ಸಸ್ತಾಪುರ ಬಂಗ್ಲಾ ದಾಟಿತು, ಹೆದ್ದಾರಿಗೆ ಬಂದ ಮೇಲೆ ಬಸ್ಸು ಕುಲುಕುವುದಿಲ್ಲ, ಚಪ್ಪಲಿಯೂ ದನಿ ಮಾಡುವುದಿಲ್ಲ. ನಸೀರ್ ಅಣ್ಣ ಪಾರ್ಸಲ್ ಹಿಡಿದು ಬಂದಾಗ ಎಲ್ಲರೂ ಎದ್ದು ಅವರವರ ಚಪ್ಪಲಿಯ ಪಕ್ಕ ನಿಂತರು, ನಾನು ಎಲ್ಲಿ ನಿಲ್ಲಲಿ, ರಸ್ತೆ ದಾಟುವಾಗ ಅಂಗಾಲು ಕಾದ ಹಂಚಿನ ಮೇಲಿಟ್ಟಂತಾಯಿತು, ಗುಂಪಿನ ಹಿಂದೆ ನಿಂತೆ, ಶಟರ್ ಅರ್ಧ ಎತ್ತಿ ಅವರು ಡಬ್ಬಿಗಳನ್ನು ತೋರಿಸಿದರು, ಇವೇ ನೋಡ್ರಿ, ಎರಡೇ ಎರಡು, ಜಗಳ ಬ್ಯಾಡ, ಮೊದ್ಲನೇದು ಸರ್‌ದು, ಆಮ್ಯಾಲಿಂದು ಯಾರದು? ನಂದ್ರಿ, ಅಂದರು ಮಚ್ಚೇಂದ್ರ, ಅಂದವರು ಕೆಳಗೆ ನೋಡಿದರು, ನೋಡಿ ತಡೆದರು, ನಿಂದರ್ರಿ ಭಾಯಿ, ನನ್ನ ಮುಂದ ಇನ್ನೊಂದು ಜೋಡಿ ಇತ್ತು ಮುಂಜಾನಿ, ನೀಲಿ ಪಟ್ಟಿದು, ಹೆಣ್ಮಕ್ಕಳದು, ಇಲ್ಲೇ ನೋಡ್ರಿ ಗುರ್ತ. ಒಳ್ಳೆಯ ಮನುಷ್ಯ. ನಸೀರ್ ಅಣ್ಣನೂ ಒಳ್ಳೆಯವರು, ಯಾರದ್ರೆಪ್ಪಾ ನೀಲಿ ಪಟ್ಟಿ, ಯಾರರ ಅಕ್ಕಾರು ಇದ್ದೀರೇನು, ಹೇಳ್ರಿ, ಎಂದು ಗುಂಪಿನ ಮೇಲೆ ಕಣ್ಣು ಹಾಯಿಸಿದರು, ಕಣ್ಣು ನನ್ನ ಮೇಲೂ ಬಂತು, ಹೋಯಿತು. ಅವು ನನ್ನವ್ರಿ. ಮಾತು ತಯಾರಾಗಿತ್ತು, ಉಸಿರೂ ತಗೊಂಡಿದ್ದೆ, ಅಷ್ಟರಲ್ಲಿ ಹಿಂದಿನಿಂದ ಒಬ್ಬ, ದರ್ಗಾಕ್ಕ ಹೋಗ್ಯಾವ ಬಿಡ್ರಿ, ಚಪ್ಲಿಗೂ ಏನರ ಹರಕಿ ಇರ್ಬೇಕು, ಎಲ್ಲರೂ ನಕ್ಕರು, ಪ್ರೇಮಕುಮಾರ ಸರ್ ಕೂಡ, ನಾನೂ ನಕ್ಕೆನೇನೋ, ತುಟಿ ಅಗಲವಾದದ್ದು ಗೊತ್ತಾಯಿತು, ಬರಿಗಾಲನ್ನು ಚೂಡಿದಾರದ ಅಂಚಿನೊಳಗೆ ಎಳೆದುಕೊಂಡೆ, ಒಂದರ ಮೇಲೊಂದು. ಲಿಲಾವಿನ್ಯಾಗ ಕೂಗಿದಂಗ ಕೂಗ್ತೀನಿ ನೋಡ್ರಿ, ಒಂದ್ ಸಲ, ಎರಡ್ ಸಲ — ಮೂರನೆಯದಕ್ಕೆ ಮುಂಚೆ ನಸೀರ್ ಅಣ್ಣ ಒಂದು ಗಳಿಗೆ ನಿಜವಾಗಿಯೂ ಕಾದರು. ಆ ಗಳಿಗೆ ಅಗಲವಾಗಿತ್ತು, ಅದರೊಳಗೆ ನನ್ನ ಕೋಣೆ ಇತ್ತು, ಮೇಜಿತ್ತು, ಪರದೆಯ ಮೇಲಿನ ಬಿಸಿಲಿತ್ತು. ತಗೋರಿ ಮಚ್ಚೇಂದ್ರ, ನಿಮ್ಮ ನಸೀಬ. ಮಚ್ಚೇಂದ್ರ ಡಬ್ಬಿ ತಗೊಳ್ಳಲು ಒಂದು ಹೆಜ್ಜೆ ಮುಂದಿಟ್ಟರು, ಆ ಗುರುತನ್ನು ತುಳಿಯದೆ, ದಾಟಿ.

ಜನ ಕರಗಿದರು, ಉಳಿದವರಿಗೆ ಮುಂದಿನ ಸ್ಟಾಕ್ ಯಾವಾಗ ಎಂದರೆ ಆ ದೇವರಿಗೇ ಗೊತ್ತು ಅಂದರು ನಸೀರ್ ಅಣ್ಣ ಶಟರ್ ಇಳಿಸುತ್ತ, ನಾನು ಅಲ್ಲೇ ನಿಂತಿದ್ದೆ, ಹಜಿರಾ ಬೀ ನನ್ನ ಕಾಲು ನೋಡಿ ಕೈ ಮಾಡಿದರು, ಬಾ ಬೇಟಿ, ನೀಲಿವು ನಿನ್ನವೇನು, ಬಿಸಲಾಗ ಕಾಯಾಕತ್ತಿದ್ದವು, ನಾನೇ ನೆರಳಿಗಿ ಇಟ್ಟೀನಿ, ಕಾಲು ಸುಡಬಾರ್ದು ನೋಡು, ಎಂದು ತಾವೇ ಬಗ್ಗಿ ಮುಂದೆ ಸರಿಸಿದರು, ಹ್ಞೂಂ ಚಾಚಿ, ಅಂದೆ, ಅದಕ್ಕೆ ದನಿ ಬಂತು, ಚಪ್ಪಲಿ ತಣ್ಣಗಿದ್ದವು, ಒಳಗೆ ಒಂದು ಮಲ್ಲಿಗೆ ಎಸಳು ಅಂಟಿತ್ತು. ಬೈಯಬೇಕೆಂದರೂ ಯಾರನ್ನು. ರಾಜೇಶ್ವರದ ಹತ್ತಿರ ಅವ್ವನ ಫೋನ್, ಸಿಕ್ತೇನು ಪೂನಂ? ಸ್ಟಾಕ್ ಇರಲಿಲ್ಲವ್ವಾ, ಅಂದೆ, ಬೂದು ಅಕ್ಷರ ಓದಿದ ಹಾಗೆ. ಎರಡೂ ಮುಗದ್ವೇನು? ಹ್ಞೂಂ. ಕಲ್ಲಿಟ್ಟಿದ್ದಿಲ್ಲೋ? ಇಟ್ಟಿದ್ದೆ. ಆ ಕಡೆ ಕುಕ್ಕರ್ ಕೂಗಿತು, ಅವ್ವ ಅದು ನಿಲ್ಲಲಿ ಎಂದು ಕಾದಳು, ಇರ್ಲಿ ತಗೋ, ಸಂಜಿಗಿ ಸಂಘಪಾಲ ಬರ್ತಾನ, ಸೋಮಾರದಿಂದ ದವಾಖಾನಿ ಕೆಲಸಕ್ಕ ಬರ್ತಾಳ ಅಂತ ಹೇಳ್ಲಿ? ಕಿಟಕಿಯ ಗಾಜಿನಲ್ಲಿ ನನ್ನ ಬಾಯಿ, ತೆರೆದಿಲ್ಲ. ಹೇಳ್ಲಿ? ದಿನಾ ರಾತ್ರಿ ಬರೆಯುವ ಡೈರಿಯಲ್ಲಿ ಇವತ್ತು ಏನು ಬರೆಯುವುದು, ಗುರುವಾರ, ಬಿಸಿಲಿತ್ತು, ಅಷ್ಟೇ. ಪೂನಂ, ಇದ್ದೀಯಿಲ್ಲೋ, ಕೇಳಾಕತ್ತದೇನು — ಕೇಳುತ್ತಿದೆ, ಕೇಳುತ್ತಿದೆ, ಈಗ ಅಲ್ಲಿ ಮತ್ತೊಂದು ಲಾರಿ ಹೋಗಿರಬಹುದು, ಧೂಳು ಎದ್ದಿರಬಹುದು, ಮೆಲ್ಲಗೆ ಇಳಿಯುತ್ತಿರಬಹುದು, ಮುಚ್ಚಿದ ಶಟರಿನ ಮುಂದೆ, ಫರಸಿಯ ಮೇಲೆ, ಯಾರೂ ನಿಂತಿರದ ಆ ಎರಡು ಗುರುತಿನ ಮೇಲೆ, ಎಡ, ಬಲ.