ನೆಲಕ್ಕೆ ಬಗ್ಗಿದ ಕಾರಿನ ಜೀಷಾನ್

ನಮ್ಮ ಮಹಡಿ ಮನೆಯನ್ನು ಬಾಡಿಗೆಗೆ ನೋಡಲು ಜೀಷಾನ್ ಮೊದಲ ಸಲ ಬ್ಯಾಟರಾಯನಪುರದ ನಮ್ಮ ಬೀದಿಗೆ ಬಂದ ದಿನ, ನೆಲಕ್ಕೆ ಅಂಟಿದಂತಿದ್ದ ಅವನ ಕೆಂಪು ಕಾರು ರಸ್ತೆ ಹಂಪಿನ ಮುಂದೆ ನಿಂತುಬಿಟ್ಟಿತು. ತಾಯಿ, ತಂಗಿ, ಹೆಂಡತಿ ಮೂವರೂ ಇಳಿದು, ನಡೆದು ಹಂಪು ದಾಟಿ, ಆಚೆ ಸಾಲಾಗಿ ನಿಂತರು. ಹಗುರಾದ ಕಾರು ಓರೆಯಾಗಿ, ಒಂದೊಂದೇ ಚಕ್ರ ಊರುತ್ತಾ, ಬೆಕ್ಕು ಗೋಡೆ ಇಳಿದ ಹಾಗೆ ಇಳಿಯಿತು. ಮೂವರೂ ಮತ್ತೆ ಹತ್ತಿ ಕೂತರು. ಅಲ್ಲಿಂದ ನಮ್ಮ ಗೇಟು ನಾಲ್ಕೇ ಮಾರು.

ಆ ಹಂಪು ಸರ್ಕಾರದ್ದಲ್ಲ. ಎದುರುಮನೆ ಮುನಿಯಲ್ಲಪ್ಪ ತಾರಸಿಗೆ ಮೋಲ್ಡ್ ಹಾಕಿಸಿದಾಗ ಉಳಿದ ಕಾಂಕ್ರೀಟನ್ನು ಬಿಸಾಡಲು ಮನಸ್ಸು ಬಾರದೆ ರಸ್ತೆಗೆ ಅಡ್ಡ ಸುರಿಸಿದ್ದು.

ನಮ್ಮ ಮಹಡಿಗೆ ಬಂದ, ಫ್ರಿಜ್ ರಿಪೇರಿ ಮಾಡುವ ಈ ಸಣಕಲ ಹುಡುಗ ಜೀಷಾನ್ ಕಾಲ್ನಡಿಗೆಯಲ್ಲೂ ಗುಂಡಿ ಸುತ್ತಿಯೇ ಹೋಗುವನು. ಕಾರು ತಗ್ಗಿ ನಿಲ್ಲಲೆಂದು ಕಂಪನಿ ಕೊಟ್ಟ ಸ್ಪ್ರಿಂಗು ಬಿಚ್ಚಿ, ಬೇರೆ ಕಡೆಯಿಂದ ತರಿಸಿದ ಗಿಡ್ಡ ಸ್ಪ್ರಿಂಗು ಕೂರಿಸಿದ್ದ. ಚಕ್ರಕ್ಕೂ ಮೇಲಿನ ಕಮಾನಿಗೂ ನಡುವೆ ಎರಡು ಬೆರಳು ತೂರಿಸಿ ನೋಡಿದ ಮೇಲೆಯೇ ಅವನ ಬೆಳಗಿನ ಚಹಾ.

"ಕೆಲವರು ಇರೋದನ್ನೇ ಕೊಯ್ದು ಗಿಡ್ಡ ಮಾಡ್ತಾರೆ ಅಜ್ಜಿ. ಪಾಪದ ಕೆಲಸ ಅದು," ಎಂದು ನನಗೆ ಹೇಳುವನು.

"ಏನಪ್ಪಾ, ನಿನ್ ಕಾರಿಗೆ ಮಂಡಿ ನೋವಾ? ಕೂತೇಬಿಟ್ಟೈತೆ!" ಎಂದು ಮುನಿಯಲ್ಲಪ್ಪ ಕೆಣಕಿದರೆ, "ಕೂತಿಲ್ಲ ಅಣ್ಣ, ನಿಮ್ ಹಂಪಿಗೆ ನಮಸ್ಕಾರ ಮಾಡ್ತೈತೆ" ಎನ್ನುವನು.

ಹೆಂಡತಿ ತರನ್ನುಮ್ ಬಸುರಿಯಾದಳು. ಚೊಚ್ಚಲು ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆಯಾದರೂ, ಮಗುವಿನ ಮುಖ ಮೊದಲ ದಿನವೇ ನೋಡಬೇಕೆಂಬ ಆಸೆಗೆ ಇವನು ಬೇಡಿಬೇಡಿ ಅವಳನ್ನು ಇಲ್ಲೇ ಇರಿಸಿಕೊಂಡಿದ್ದ. ಏಳು ತುಂಬಿದ ಒಂದು ಸಂಜೆ ಆಸ್ಪತ್ರೆಯಿಂದ ಬರುತ್ತಾ ಹಂಪಿನ ಬಳಿ ಕಾರು ನಿಲ್ಲಿಸಿದ.

"ಇಳಿಯಲ್ಲ," ಎಂದಳು ಅವಳು. "ಇಳಿದ್ರೆ ಸೀದಾ ಆಟೋ ಹತ್ತಿ ಅಮ್ಮೀ ಮನೆಗೆ. ಅಲ್ಲೇ ಹೆರ್ತೀನಿ. ನೀನು ಕಾರನ್ನೇ ಎತ್ಕೊಂಡು ಆಡ್ಸು!"

ಅವಳನ್ನು ಕೂರಿಸಿಕೊಂಡೇ ದಾಟಿಸಿದ. ಕಾರಿನ ಅಡಿ ಹಂಪಿಗೆ ಉಜ್ಜಿದ ಸದ್ದಿಗೆ ಬೀದಿಯೇ ತಿರುಗಿ ನೋಡಿತು. ಕುಲುಕಾಟಕ್ಕೆ ಅವಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. ಇಂಜಿನ್ ನಿಂತ ಮೇಲೂ ಅವನು ಸ್ಟೇರಿಂಗ್ ಬಿಡಲಿಲ್ಲ.

ಮುಂದಿನ ಭಾನುವಾರ ಮಂಚದಡಿಯಿಂದ ಹಳೆಯ ದುಪ್ಪಟಿಯಲ್ಲಿ ಸುತ್ತಿಟ್ಟ ಕಂಪನಿ ಸ್ಪ್ರಿಂಗುಗಳು ಹೊರಬಂದವು. ಎಣ್ಣೆ ಸವರಿ ಕಾಪಾಡಿದ್ದ. ದಿನವಿಡೀ ಜಾಕಿಗೆ ಏರಿಸಿದ ಕಾರಿನ ಕೆಳಗೆ ಒದ್ದಾಡಿ ಅವನ್ನು ಕೂರಿಸಿ, ಎತ್ತರವಾಗಿ ನಿಂತ ಅದರ ಸುತ್ತ ಅವನು ತಿರುಗಿದ್ದು, ಮುಡಿ ಕೊಟ್ಟು ಬಂದ ಮಗನ ಬೋಳುತಲೆಯನ್ನು ನೋಡುವ ತಂದೆಯ ಹಾಗೆ.

"ಈಗ ಮನುಷ್ಯರ ಕಾರಾಯ್ತು," ಎಂದಳು ತರನ್ನುಮ್, ಮೆಟ್ಟಿಲ ಮೇಲೆ ಕೂತು ಕಡ್ಲೆಕಾಯಿ ಬಿಡಿಸುತ್ತಾ. ತವರಿನ ಮಾತು ಮತ್ತೆ ಎತ್ತಲಿಲ್ಲ.

ಆಸೆಯನ್ನು ಪೂರಾ ತೀರಿಸಿಕೊಳ್ಳುವವರನ್ನು ಕಂಡಿದ್ದೇನೆ, ಪೂರಾ ತೊರೆದು ಮನೆಮಂದಿಯ ಮೇಲೆ ಮುಖ ಊದಿಸುವವರನ್ನೂ ಕಂಡಿದ್ದೇನೆ. ಇವನಂಥವರು ಬೇರೆ. ಆಸೆಯನ್ನು ಒರೆಸಿ, ಮಡಿಸಿ, ಬೇಕೆಂದಾಗ ಕೈಗೆ ಸಿಗುವಲ್ಲಿ ಇಟ್ಟು, ನಗುತ್ತಲೇ ಮನೆಯೊಳಗೆ ಹೋಗುತ್ತಾರೆ. ಅಂದು ಮುಸ್ಸಂಜೆ ನಾಲ್ಕು ಗಿಡ್ಡ ಸ್ಪ್ರಿಂಗುಗಳನ್ನು ಎದೆಗವಚಿಕೊಂಡು ನನ್ನ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ.

"ಅಜ್ಜಿ, ಇವು ನಿಮ್ ಅಟ್ಟದ ಮೇಲೆ ಇರ್ಲಾ? ಮಗೂಗೆ ಕತ್ತು ನಿಲ್ಲೋವರ್ಗೂ ಅಷ್ಟೇ."